ಡಬ್ಲ್ಯೂಸಸ್ ವಿಮರ್ಶೆ: ಬಿಟ್ಟಿ ಸಿಗುವ ಅಪ್‌ಡೇಟ್ ಸರ್ವರ್, ತಿಂಗಳ ಆರೈಕೆ ಮಾತ್ರ ಕಡ್ಡಾಯ

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಎಂಎಸ್17-010 ಎಂಬ ಪ್ಯಾಚ್, ಅಂದರೆ ವಿಂಡೋಸ್‌ನ ದೋಷ ಮುಚ್ಚುವ ಅಪ್‌ಡೇಟ್, ಬಿಟ್ಟಿತು. ಅದೇ ದೋಷವನ್ನು ಬಳಸಿದ ವಾನಾಕ್ರೈ ವೈರಸ್ ಹಬ್ಬಿದ್ದು ಮೇ 12ರಂದು. ನಡುವೆ ಹತ್ತಿರಹತ್ತಿರ ಎರಡು ತಿಂಗಳು ಕೈಯಲ್ಲಿತ್ತು. ನೆಟ್‌ವರ್ಕಿನ ಒಳಗೆ ಒಂದು ಸಿಸ್ಟಂ ಸಿಕ್ಕಿದ್ದೇ ತಡ, ಪ್ಯಾಚ್ ಇಲ್ಲದ ಉಳಿದವನ್ನೆಲ್ಲ ಆ ವೈರಸ್ ತಾನೇ ಹುಡುಕಿಕೊಂಡು ಹೋಯಿತು. ಅಪ್‌ಡೇಟ್ ಬಂದಿದೆಯೇ ಅನ್ನುವುದಕ್ಕಿಂತ ನಮ್ಮ ಎಷ್ಟು ಸಿಸ್ಟಂಗಳಿಗೆ ಅದು ಮುಟ್ಟಿದೆ ಅನ್ನುವುದೇ ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಕೊಡುತ್ತೇನೆ ಎನ್ನುವ ಹಳೆಯ ಸಲಕರಣೆ ವಿಂಡೋಸ್ ಸರ್ವರ್ ಅಪ್‌ಡೇಟ್ ಸರ್ವೀಸಸ್, ಬಾಯಿಮಾತಿನಲ್ಲಿ ಡಬ್ಲ್ಯೂಸಸ್.

ಮೊದಲೇ ಹೇಳಿಬಿಡುತ್ತೇವೆ: 50ರಿಂದ 500 ವಿಂಡೋಸ್ ಸಿಸ್ಟಂ ಇದ್ದು, ಡೊಮೇನ್ (ಎಲ್ಲ ಸಿಸ್ಟಂಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವ ವ್ಯವಸ್ಥೆ) ಇದ್ದು, ಇಂಟರ್ನೆಟ್ ಲೈನ್ ಸಣ್ಣದಾಗಿದ್ದರೆ ಇದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಐದಕ್ಕೆ ಮೂರೂವರೆ ಅಂಕ. ಕಳೆದ ಒಂದೂವರೆ ಅಂಕ ಏಕೆ ಅನ್ನುವುದೇ ಈ ಬರಹದ ಹೆಚ್ಚಿನ ಭಾಗ.

ಕೆಲಸ ಸರಳ. ಒಂದು ಸರ್ವರ್ ಮೈಕ್ರೋಸಾಫ್ಟಿನಿಂದ ಅಪ್‌ಡೇಟ್‌ಗಳನ್ನು ಒಮ್ಮೆ ಇಳಿಸಿಕೊಳ್ಳುತ್ತದೆ, ಯಾವುದನ್ನು ಯಾರಿಗೆ ಕೊಡಬೇಕೆಂದು ನೀವು ಒಪ್ಪಿಗೆ ಕೊಡುತ್ತೀರಿ, ಆಫೀಸಿನ ಸಿಸ್ಟಂಗಳು ಆ ಸರ್ವರಿನಿಂದಲೇ ಎತ್ತಿಕೊಳ್ಳುತ್ತವೆ. ವಿಂಡೋಸ್ ಸರ್ವರ್ ಲೈಸೆನ್ಸ್ ಇದ್ದರೆ ಇದಕ್ಕೆ ಬೇರೆ ದುಡ್ಡಿಲ್ಲ, ರೋಲ್ ಸೇರಿಸಿದರೆ ಆಯಿತು. ತಿಂಗಳ ಎರಡನೇ ಮಂಗಳವಾರದ ಪ್ಯಾಚ್‌ಗಳು ನಮ್ಮ ಗಡಿಯಾರದಲ್ಲಿ ಬರುವುದು ರಾತ್ರಿ 10.30ಕ್ಕೆ, ಅಮೆರಿಕದ ಚಳಿಗಾಲದಲ್ಲಿ 11.30ಕ್ಕೆ. ಹಾಗಾಗಿ ದಿನದ ಮೊದಲ ಸಿಂಕ್ ಅನ್ನು, ಅಂದರೆ ಮೈಕ್ರೋಸಾಫ್ಟಿನಿಂದ ಹೊಸ ಅಪ್‌ಡೇಟ್‌ಗಳ ಪಟ್ಟಿ ತರುವುದನ್ನು, ನಸುಕಿನ 3 ಗಂಟೆಗೆ ಇಟ್ಟರೆ ಬುಧವಾರ ಬೆಳಿಗ್ಗೆ ನೀವು ಆಫೀಸಿಗೆ ಬರುವ ಹೊತ್ತಿಗೆ ಪಟ್ಟಿ ತಯಾರಿರುತ್ತದೆ.

ಹಾಕುವಾಗಲೇ ಎಡವುವ ಜಾಗ ಡಿಸ್ಕ್. ಅಪ್‌ಡೇಟ್ ಫೈಲುಗಳನ್ನು ಸಿ ಡ್ರೈವಿನಲ್ಲಿ ಇಡಲೇಬೇಡಿ. ಅದು ತುಂಬಿದ ದಿನ ಸರ್ವರೇ ನಿಲ್ಲುತ್ತದೆ. ಬೇರೆ ಪಾರ್ಟಿಷನ್ ಮಾಡಿ, ವಿಂಡೋಸ್ 11, ಒಂದೆರಡು ಸರ್ವರ್ ಆವೃತ್ತಿ, ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಇಷ್ಟಕ್ಕೆ 200 ಜಿಬಿ ಕೊಡಿ. ರ‍್ಯಾಮ್ 8 ಜಿಬಿಗಿಂತ ಕಡಿಮೆ ಬೇಡ, 16 ಇದ್ದರೆ ನೆಮ್ಮದಿ. ಪ್ರಾಡಕ್ಟ್ ಪಟ್ಟಿಯಲ್ಲಿ ಆಫೀಸಿನಲ್ಲಿ ನಿಜವಾಗಿ ಇರುವುದಕ್ಕಷ್ಟೇ ಟಿಕ್ ಹಾಕಿ. ‘ಇರಲಿ ಬಿಡು’ ಎಂದು ಎಲ್ಲಕ್ಕೂ ಟಿಕ್ ಹಾಕಿದವರ ಡೇಟಾಬೇಸ್ ಆರು ತಿಂಗಳಲ್ಲಿ ಏದುಸಿರು ಬಿಡುತ್ತದೆ. ಕ್ಲಾಸಿಫಿಕೇಷನ್‌ನಲ್ಲಿ ಡ್ರೈವರ್ಸ್ ಅನ್ನು ಮುಟ್ಟಲೇ ಬೇಡಿ. ಒಪ್ಪಿಗೆ ಕೊಟ್ಟ ಮೇಲಷ್ಟೇ ಫೈಲ್ ಇಳಿಸುವ ಆಯ್ಕೆ ಆನ್ ಇರಲಿ, ಎಕ್ಸ್‌ಪ್ರೆಸ್ ಫೈಲ್‌ಗಳ ಆಯ್ಕೆ ಆಫ್ ಇರಲಿ. ಡೇಟಾಬೇಸಿಗೆ ವಿಂಡೋಸ್ ಜೊತೆ ಬರುವ ಇಂಟರ್ನಲ್ ಡೇಟಾಬೇಸೇ ಸಾಕು. ಎಸ್‌ಕ್ಯುಎಲ್ ಎಕ್ಸ್‌ಪ್ರೆಸ್‌ನ 2022ರವರೆಗಿನ ಆವೃತ್ತಿ ಹಾಕಿದರೆ 10 ಜಿಬಿ ಮಿತಿ ಇದೆ, ಒಂದಲ್ಲ ಒಂದು ದಿನ ಅದು ಕುತ್ತಿಗೆಗೆ ಬರುತ್ತದೆ.

ಇನ್ನು ಐಐಎಸ್, ಅಂದರೆ ಡಬ್ಲ್ಯೂಸಸ್ ಓಡುವ ವಿಂಡೋಸ್‌ನ ವೆಬ್ ಸರ್ವರ್. ಡಬ್ಲ್ಯೂಸಸ್ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ. ಕನ್ಸೋಲ್ ತೆರೆದರೆ ‘ರೀಸೆಟ್ ಸರ್ವರ್ ನೋಡ್’ ಎನ್ನುವ ಬಟನ್ ಇರುವ ಎರರ್ ಪುಟ, ಒತ್ತಿದರೆ ಮತ್ತೆ ಅದೇ ಪುಟ, ಕ್ಲೈಂಟ್‌ಗಳಿಗೆ, ಅಂದರೆ ಆಫೀಸಿನ ಸಿಸ್ಟಂಗಳಿಗೆ, 503 (ಸೇವೆ ಸಿಗುತ್ತಿಲ್ಲ) ಎಂಬ ಉತ್ತರ. ಕಾರಣ ಇಷ್ಟೇ: ಐಐಎಸ್‌ನಲ್ಲಿ ಡಬ್ಲ್ಯೂಸಸ್ ಓಡುವ ಪ್ರೊಸೆಸ್, ಅಂದರೆ ಡಬ್ಲ್ಯೂಸಸ್ ಪೂಲ್‌ಗೆ ಕೊಟ್ಟಿರುವ ಪ್ರೈವೇಟ್ ಮೆಮೊರಿ ಮಿತಿ 18,43,200 ಕೆಬಿ, ಅಂದರೆ 1,800 ಎಂಬಿ. ನೂರಿನ್ನೂರು ಸಿಸ್ಟಂ ಒಟ್ಟಿಗೆ ಸ್ಕ್ಯಾನಿಗೆ ಬಂದಾಗ ಆ ಮಿತಿ ದಾಟುತ್ತದೆ, ಪೂಲ್ ಮಗುಚುತ್ತದೆ, ಅರ್ಧಕ್ಕೆ ಕಡಿದ ಸ್ಕ್ಯಾನನ್ನು ಕ್ಲೈಂಟ್‌ಗಳು ಮತ್ತೆ ಮೊದಲಿನಿಂದ ಶುರುಮಾಡುತ್ತವೆ, ಹೊರೆ ಇನ್ನೂ ಏರುತ್ತದೆ. ಐಐಎಸ್ ಮ್ಯಾನೇಜರ್ ತೆರೆದು ಅಪ್ಲಿಕೇಷನ್ ಪೂಲ್ಸ್, ಡಬ್ಲ್ಯೂಸಸ್ ಪೂಲ್, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ಗೆ ಹೋಗಿ. ಕ್ಯೂ ಲೆಂತ್ 1000 ಇರುವುದನ್ನು 2000 ಮಾಡಿ. ಐಡಲ್ ಟೈಮ್-ಔಟ್ 0. ಪಿಂಗ್ ಎನೇಬಲ್ಡ್ ಫಾಲ್ಸ್. ಪ್ರೈವೇಟ್ ಮೆಮೊರಿ ಲಿಮಿಟ್ 0, ಇಲ್ಲವೇ ರ‍್ಯಾಮ್ ನೋಡಿಕೊಂಡು 4ರಿಂದ 8 ಜಿಬಿ. ನಿಗದಿತ ಅವಧಿಯ ರೀಸೈಕಲ್ 0. ಐದು ನಿಮಿಷದ ಕೆಲಸ. ಇಪ್ಪತ್ತು ವರ್ಷದ ಸಾಫ್ಟ್‌ವೇರ್ ಇನ್ನೂ ಈ ತಪ್ಪು ಸಂಖ್ಯೆಗಳನ್ನೇ ಹೊತ್ತು ಬರುತ್ತದೆ ಅನ್ನುವುದಕ್ಕೆ ನಾವು ಕಳೆದಿರುವುದು ಅರ್ಧ ಅಂಕ.

ಕ್ಲೈಂಟ್‌ಗಳಿಗೆ ಸರ್ವರ್ ತೋರಿಸುವುದು ಗ್ರೂಪ್ ಪಾಲಿಸಿಯಿಂದ, ಅಂದರೆ ಎಲ್ಲ ಸಿಸ್ಟಂಗಳಿಗೂ ಒಟ್ಟಿಗೆ ಸೆಟ್ಟಿಂಗ್ ಕಳಿಸುವ ಸೌಲಭ್ಯದಿಂದ. ಇಂಟ್ರಾನೆಟ್ ಅಪ್‌ಡೇಟ್ ಸರ್ವರ್ ವಿಳಾಸದ ಪಾಲಿಸಿಯಲ್ಲಿ ಎರಡು ಖಾನೆಗಳಿವೆ, ಒಂದು ಅಪ್‌ಡೇಟಿಗೆ, ಇನ್ನೊಂದು ವರದಿಗೆ. ಎರಡರಲ್ಲೂ ಅದೇ ವಿಳಾಸ ಬರೆಯಬೇಕು, ಕೊನೆಗೆ ಪೋರ್ಟ್ 8530 ಸೇರಿಸಬೇಕು. ಪೋರ್ಟ್ ಮರೆತರೆ ಕ್ಲೈಂಟ್ 80ಕ್ಕೆ ಹೋಗಿ ಬಾಗಿಲು ತಟ್ಟುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. ಮುಂದೂಡಿಕೆಯ ಪಾಲಿಸಿಗಳು, ಅಂದರೆ ಇಷ್ಟು ದಿನ ಕ್ವಾಲಿಟಿ ಅಪ್‌ಡೇಟ್ (ತಿಂಗಳ ಪ್ಯಾಚ್) ತಡೆಹಿಡಿ ಎನ್ನುವಂಥವು, ಅದೇ ಸಿಸ್ಟಂಗೆ ಹಾಕಿದ್ದರೆ ಕೂಡಲೇ ತೆಗೆಯಿರಿ. ವಿಂಡೋಸ್ 10ರಲ್ಲಿ ಎರಡೂ ಇದ್ದರೆ ಸಿಸ್ಟಂ ನಿಮ್ಮ ಸರ್ವರನ್ನು ಬಿಟ್ಟು ನೇರವಾಗಿ ಮೈಕ್ರೋಸಾಫ್ಟಿಗೆ ಹೋಗುತ್ತದೆ. ಕನ್ಸೋಲಿನಲ್ಲಿ ಅದು ಮಾಮೂಲಿನಂತೆ ವರದಿ ಕೊಡುತ್ತಲೇ ಇರುತ್ತದೆ, ನೀವು ಒಪ್ಪದ ಅಪ್‌ಡೇಟ್ ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಳ್ಳುತ್ತೀರಿ. ವಿಂಡೋಸ್ 11ರಲ್ಲಿ ಯಾವ ಬಗೆಯ ಅಪ್‌ಡೇಟ್ ಎಲ್ಲಿಂದ ಎಂದು ಬಿಡಿಬಿಡಿಯಾಗಿ ಹೇಳುವ ಪಾಲಿಸಿ ಇದೆ, ಅದನ್ನು ಬಳಸಿ.

ಇನ್‌ಸ್ಟಾಲ್ ಹೊತ್ತು ಕೂಡ ಊರಿಗೆ ತಕ್ಕಂತೆ ಇರಬೇಕು. ರಾತ್ರಿ 3 ಗಂಟೆ ಎನ್ನುವುದು ಇಪ್ಪತ್ನಾಲ್ಕು ಗಂಟೆ ಸಿಸ್ಟಂ ಆನ್ ಇಡುವ ಕಡೆಯ ಲೆಕ್ಕ. ನಮ್ಮ ಹೆಚ್ಚಿನ ಆಫೀಸುಗಳಲ್ಲಿ ಸಂಜೆ ಹೋಗುವಾಗ ಮೇನ್ ಸ್ವಿಚ್ಚೇ ಆಫ್. ಅಲ್ಲಿ ಮಧ್ಯಾಹ್ನ 1 ಗಂಟೆ, ಊಟದ ಹೊತ್ತು, ಸರಿಯಾದ ಸಮಯ. ಒಳಗೆ ಯಾರಾದರೂ ಲಾಗಿನ್ ಆಗಿದ್ದರೆ ರೀಸ್ಟಾರ್ಟ್ ಬೇಡ ಎನ್ನುವ ಪಾಲಿಸಿ ಜನಪ್ರಿಯ, ಆದರೆ ಲಾಗಾಫ್ ಮಾಡದೆ ಸ್ಕ್ರೀನ್ ಲಾಕ್ ಮಾಡಿ ಮನೆಗೆ ಹೋಗುವವರ ಸಿಸ್ಟಂ ತಿಂಗಳುಗಟ್ಟಲೆ ‘ರೀಸ್ಟಾರ್ಟ್ ಬಾಕಿ’ ಎಂದೇ ಉಳಿಯುತ್ತದೆ. ರೀಸ್ಟಾರ್ಟ್ ಆಗದ ಪ್ಯಾಚ್ ಹಾಕಿಯೂ ಹಾಕದಂತೆ. ಆ್ಯಕ್ಟಿವ್ ಅವರ್ಸ್ ಎಂದು ಬೆಳಿಗ್ಗೆ 9ರಿಂದ ಸಂಜೆ 7 ಕೊಟ್ಟು, ಅದರಾಚೆ ರೀಸ್ಟಾರ್ಟ್ ಆಗಲು ಬಿಡುವುದು ಮೇಲು. ಇನ್ನೊಂದು ಎಚ್ಚರ: ಒಪ್ಪಿಗೆ ಕೊಡುವಾಗ ಡೆಡ್‌ಲೈನ್ ತಾರೀಕು ಕಳೆದುಹೋದ ದಿನದ್ದಾಗಿದ್ದರೆ, ಕ್ಲೈಂಟ್ ಸುದ್ದಿ ತಿಳಿದ ಕೂಡಲೇ ಹಾಕಿಕೊಂಡು ರೀಸ್ಟಾರ್ಟ್ ಆಗಿಬಿಡುತ್ತದೆ. ಕೌಂಟರಿನಲ್ಲಿ ಜನ ನಿಂತಿದ್ದರೂ ಅಷ್ಟೇ.

ಗುಂಪುಗಳು ಮೂರು ಸಾಕು: ಪರೀಕ್ಷೆ, ಸಾಮಾನ್ಯ, ಸರ್ವರ್. ಪರೀಕ್ಷೆಯ ಗುಂಪಿಗೆ ಐಟಿಯವರ ಹೊಸ ಲ್ಯಾಪ್‌ಟಾಪ್‌ಗಳನ್ನಷ್ಟೇ ಸೇರಿಸಿದರೆ ಪರೀಕ್ಷೆ ಆದಂತಲ್ಲ. ಟ್ಯಾಲಿ ಓಡುವ ಅಕೌಂಟ್ಸ್ ಸಿಸ್ಟಂ ಒಂದು, ಬೆರಳಚ್ಚಿನ ಸಾಧನ ಸಿಕ್ಕಿಸಿರುವುದು ಒಂದು, ನುಡಿ ಬಳಸುವುದು ಒಂದು, ಹಂಚಿಕೊಂಡ ಪ್ರಿಂಟರಿಗೆ ಕೊಡುವುದು ಒಂದು ಇರಲೇಬೇಕು. ಪ್ರಿಂಟರ್ ಯಾಕೆ ಎಂದರೆ, 2021ರ ಆಗಸ್ಟ್ 10ರ ಅಪ್‌ಡೇಟ್ ನೆನಪಿಸಿಕೊಳ್ಳಿ. ಪ್ರಿಂಟ್‌ನೈಟ್‌ಮೇರ್ ತೂತು ಮುಚ್ಚಲು ಮೈಕ್ರೋಸಾಫ್ಟ್, ಹಂಚಿಕೊಂಡ ಪ್ರಿಂಟರಿನ ಡ್ರೈವರ್ ಹಾಕಲು ಅಡ್ಮಿನ್ ಹಕ್ಕು ಬೇಕೇ ಬೇಕು ಎಂದು ಬದಲಿಸಿತು. ಪ್ಯಾಚ್ ಸರಿಯಾಗಿಯೇ ಇತ್ತು. ಮುಂಚೆ ನೋಡಿಕೊಂಡು ಡ್ರೈವರ್ ಹಾಕಿಡದವರ ಆಫೀಸಿನಲ್ಲಿ ಪ್ರಿಂಟ್ ನಿಂತಿತು. ಬುಧವಾರ ಪರೀಕ್ಷೆಯ ಗುಂಪಿಗೆ, ತೊಂದರೆ ಇಲ್ಲವೆಂದರೆ ಮುಂದಿನ ಸೋಮವಾರ ಸಾಮಾನ್ಯಕ್ಕೆ, ಆ ವಾರದ ಕೊನೆಗೆ ಸರ್ವರ್‌ಗಳಿಗೆ. ಇದಕ್ಕಿಂತ ನಿಧಾನ ಒಳ್ಳೆಯದಲ್ಲ.

ಈಗ ಡಿಫೆಂಡರ್ ಡೆಫಿನಿಷನ್‌ಗಳು, ಅಂದರೆ ಹೊಸ ವೈರಸ್‌ಗಳನ್ನು ಗುರುತಿಸಲು ಅದು ಬಳಸುವ ಪಟ್ಟಿಗಳು. ಡಬ್ಲ್ಯೂಸಸ್‌ನ ಅತ್ಯಂತ ಉಪಯುಕ್ತ ಭಾಗವೂ ಇದೇ, ಜನ ಕೆಡಿಸಿಕೊಳ್ಳುವುದೂ ಇಲ್ಲೇ. ತಿಂಗಳ ಪ್ಯಾಚಿನ ನಿಯಮ ಇದಕ್ಕೆ ನಡೆಯುವುದಿಲ್ಲ. ಕೆಬಿ 2267602 ಎಂಬ ಒಂದೇ ಸಂಖ್ಯೆಯಡಿ ದಿನಕ್ಕೆ ಹಲವು ಬಾರಿ ಹೊಸ ಆವೃತ್ತಿ ಬರುತ್ತದೆ. ಒಬ್ಬರು ಕೂತು ಒಪ್ಪಿಗೆ ಕೊಡುತ್ತೇನೆ ಎಂದರೆ ಆಗದ ಮಾತು. ಆಟೊಮ್ಯಾಟಿಕ್ ಅಪ್ರೂವಲ್ಸ್‌ನಲ್ಲಿ ಹೊಸ ರೂಲ್ ಬರೆಯಿರಿ: ಕ್ಲಾಸಿಫಿಕೇಷನ್ ಡೆಫಿನಿಷನ್ ಅಪ್‌ಡೇಟ್ಸ್, ಪ್ರಾಡಕ್ಟ್ ಮೈಕ್ರೋಸಾಫ್ಟ್ ಡಿಫೆಂಡರ್ ಆ್ಯಂಟಿವೈರಸ್, ಗುಂಪು ಎಲ್ಲ. ಡಿಫೆಂಡರಿನ ಎಂಜಿನ್ ಕೂತಿರುವ ಪ್ಲಾಟ್‌ಫಾರ್ಮ್ ಅಪ್‌ಡೇಟ್ ಕೆಬಿ 4052623 ಎಂದು ಬೇರೆಯಾಗಿ ಬರುತ್ತದೆ, ಅದು ಹೊರಗುಳಿಯದಂತೆ ನೋಡಿ. ಸರ್ವರಿನ ಸಿಂಕ್ ದಿನಕ್ಕೆ 24 ಬಾರಿಯವರೆಗೆ ಇಡಬಹುದು; 6 ಸಾಕು. ಕ್ಲೈಂಟ್ ಕಡೆ ಡಿಫೆಂಡರ್ ಪಾಲಿಸಿಯಲ್ಲಿ 4 ಗಂಟೆಗೊಮ್ಮೆ ನೋಡು ಎಂದು ಬರೆಯಿರಿ. ಇಲ್ಲವಾದರೆ ಅಪ್‌ಡೇಟ್ ಕ್ಲೈಂಟಿನ ಮಾಮೂಲಿ 22 ಗಂಟೆಯ ಲಯಕ್ಕೇ ಇದೂ ಬೀಳುತ್ತದೆ, ಡೆಫಿನಿಷನ್ ಸದಾ ಒಂದು ದಿನ ಹಿಂದೆ.

ಅದೇ ಪಾಲಿಸಿ ಗುಂಪಿನಲ್ಲಿ ಡೆಫಿನಿಷನ್ ಎಲ್ಲೆಲ್ಲಿಂದ ತರಬೇಕು ಎಂಬ ಸರದಿ ಇದೆ. ಮೊದಲು ಆಫೀಸಿನ ಸರ್ವರ್, ಆಮೇಲೆ ಮೈಕ್ರೋಸಾಫ್ಟ್ ಅಪ್‌ಡೇಟ್, ಕೊನೆಗೆ ಮೈಕ್ರೋಸಾಫ್ಟಿನ ಮಾಲ್‌ವೇರ್ ಕೇಂದ್ರ, ಎಂಎಂಪಿಸಿ. ಎರಡನೆಯದನ್ನು ಖಾಲಿ ಬಿಟ್ಟರೆ ಮನೆಯಿಂದ ಕೆಲಸ ಮಾಡುವವರ, ವಿಪಿಎನ್ ಹಾಕದ ಲ್ಯಾಪ್‌ಟಾಪ್‌ಗಳು ವಾರಗಟ್ಟಲೆ ಹಳೆಯ ಡೆಫಿನಿಷನ್ನಿನಲ್ಲಿ ಅಲೆಯುತ್ತವೆ. ಇಲ್ಲಿ ಕಣ್ತಪ್ಪುವ ಸಂಗತಿ ಒಂದಿದೆ. ಸರ್ವರ್ ಸತ್ತಿದ್ದರೆ ಕ್ಲೈಂಟಿಗೆ ಅದು ಗೊತ್ತಾಗುತ್ತದೆ, ಮುಂದಿನ ಮೂಲಕ್ಕೆ ಹೋಗುತ್ತದೆ. ಸರ್ವರ್ ಬದುಕಿದ್ದು ಒಪ್ಪಿಗೆ ರೂಲ್ ಮಾತ್ರ ಓಡದಿದ್ದರೆ ಕ್ಲೈಂಟಿಗೆ ಸಿಗುವ ಉತ್ತರ ‘ಹೊಸದೇನೂ ಇಲ್ಲ’. ಅದನ್ನು ನಂಬಿ ತೆಪ್ಪಗೆ ಕೂರುತ್ತದೆ, ತಕ್ಷಣ ಬೇರೆ ಕಡೆ ಹೋಗುವುದಿಲ್ಲ. ಸತ್ತ ಸರ್ವರಿಗಿಂತ ಅರೆಬರೆ ಬದುಕಿರುವ ಸರ್ವರ್ ಹೆಚ್ಚು ಅಪಾಯ.

ಹಾಗಾಗಿ ಕನ್ಸೋಲಿನ ಹಸಿರು ವೃತ್ತವನ್ನು ಸಾಕ್ಷಿ ಎಂದುಕೊಳ್ಳಬೇಡಿ. ಕ್ಲೈಂಟ್ ಕೊನೆಗೆ ಕೊಟ್ಟ ವರದಿಯನ್ನು ನೀವು ಒಪ್ಪಿಗೆ ಕೊಟ್ಟ ಅಪ್‌ಡೇಟ್‌ಗಳ ಜೊತೆ ತಾಳೆ ಹಾಕಿ ಬರೆದ ಚಿತ್ರ ಅದು; ಈ ಕ್ಷಣದ ಸ್ಥಿತಿ ಅಲ್ಲ. ವಾರಕ್ಕೊಮ್ಮೆ ಯಾವುದಾದರೂ ನಾಲ್ಕು ಸಿಸ್ಟಂ ಆರಿಸಿಕೊಂಡು, ಪವರ್‌ಶೆಲ್‌ನಲ್ಲಿ ಗೆಟ್-ಎಂಪಿ-ಕಂಪ್ಯೂಟರ್-ಸ್ಟೇಟಸ್ ಎಂಬ ಕಮಾಂಡ್ ಓಡಿಸಿ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಆ್ಯಂಟಿವೈರಸ್ ಸಿಗ್ನೇಚರ್ ಏಜ್ ಎಂಬ ಸಾಲು ಡೆಫಿನಿಷನ್ನಿನ ವಯಸ್ಸನ್ನು ದಿನಗಳಲ್ಲಿ ಹೇಳುತ್ತದೆ: 0 ಇದ್ದರೆ ಚೆನ್ನ, 1 ಪರವಾಗಿಲ್ಲ, 3 ಎಂದರೆ ಎಲ್ಲೋ ಕೊಂಡಿ ಕಳಚಿದೆ. ಅದರ ಹತ್ತಿರವೇ ಕೊನೆಯ ಅಪ್‌ಡೇಟಿನ ತಾರೀಕು, ಗಂಟೆ ಇರುತ್ತದೆ. ರಿಮೋಟ್ ಪವರ್‌ಶೆಲ್ ತೆರೆದಿದ್ದರೆ ಇದನ್ನೇ ಎಲ್ಲ ಸಿಸ್ಟಂಗಳ ಮೇಲೆ ಓಡಿಸಿ ಒಂದು ಸಿಎಸ್‌ವಿ ಫೈಲಿಗೆ ಬರೆಸಬಹುದು, ಡಬ್ಲ್ಯೂಸಸ್‌ನ ಯಾವ ವರದಿಯೂ ಅದರಷ್ಟು ನೇರವಾಗಿ ನಿಜ ಹೇಳುವುದಿಲ್ಲ. ಅಂದಹಾಗೆ ಸೆಕ್ರೈಟ್‌ನಂಥ ಬೇರೆ ಆ್ಯಂಟಿವೈರಸ್ ಹಾಕಿದ್ದರೆ ಅದಕ್ಕೆ ಅದರದೇ ಮ್ಯಾನೇಜ್‌ಮೆಂಟ್ ಕನ್ಸೋಲ್ ಇರುತ್ತದೆ. ಡಿಫೆಂಡರ್ ಡೆಫಿನಿಷನ್‌ಗಳನ್ನು ಸುಮ್ಮನೆ ಇಳಿಸಿ ಡಿಸ್ಕ್ ತುಂಬಿಸಬೇಡಿ.

ಡೆಫಿನಿಷನ್‌ಗಳನ್ನು ಪರೀಕ್ಷೆ ಇಲ್ಲದೆ ಬಿಡುವುದು ಸರಿಯೇ ಎಂಬ ಪ್ರಶ್ನೆಗೆ 2024ರ ಜುಲೈ 19 ಗಂಭೀರ ಉತ್ತರ ಕೊಟ್ಟಿತು. ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದೇ ಒಂದು ತಪ್ಪು ಕಂಟೆಂಟ್ ಫೈಲ್, ಮೈಕ್ರೋಸಾಫ್ಟಿನ ಲೆಕ್ಕದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಸಿಸ್ಟಂಗಳನ್ನು ನೀಲಿ ತೆರೆಗೆ ತಂದಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಡಬ್ಲ್ಯೂಸಸ್‌ನಲ್ಲಿ ಇದಕ್ಕೊಂದು ಸುಲಭ ದಾರಿ ಇದೆ: ಸಾಮಾನ್ಯ ಸಿಸ್ಟಂಗಳು 4 ಗಂಟೆಗೊಮ್ಮೆ, ಡೇಟಾಬೇಸ್ ಮತ್ತು ಡೊಮೇನ್ ಕಂಟ್ರೋಲರ್ ಇರುವ ಸರ್ವರ್‌ಗಳು 12 ಗಂಟೆಗೊಮ್ಮೆ ನೋಡುವಂತೆ ಪಾಲಿಸಿ ಬೇರೆ ಮಾಡುವುದು. ಪಕ್ಕಾ ಹಂತ ಹಂತದ ಬಿಡುಗಡೆ ಇದಲ್ಲ, ಆದರೂ ಎಲ್ಲವೂ ಒಂದೇ ಗಳಿಗೆಗೆ ಬೀಳದು. ಡೆಫಿನಿಷನ್ ಅನ್ನು ವಾರಗಟ್ಟಲೆ ತಡೆಯುವುದನ್ನು ಮಾತ್ರ ನಾವು ಖಂಡಿತ ಒಪ್ಪುವುದಿಲ್ಲ.

ಸಣ್ಣ ಲೈನ್ ಇರುವ ಶಾಖೆಗಳಿಗೆ ಡೆಲಿವರಿ ಆಪ್ಟಿಮೈಸೇಷನ್ ನಿಜವಾದ ವರ. ಒಂದು ಸಿಸ್ಟಂ ಇಳಿಸಿಕೊಂಡದ್ದನ್ನು ಪಕ್ಕದವು ಅದರಿಂದಲೇ ತೆಗೆದುಕೊಳ್ಳುತ್ತವೆ. ಪಾಲಿಸಿಯಲ್ಲಿ ಡೌನ್‌ಲೋಡ್ ಮೋಡ್ 1 ಇಟ್ಟರೆ ಒಂದೇ ಲ್ಯಾನ್ ಒಳಗೆ ಹಂಚಿಕೆ ನಡೆಯುತ್ತದೆ. ಆದರೆ 4 ಜಿಬಿಗಿಂತ ಕಡಿಮೆ ರ‍್ಯಾಮ್ ಅಥವಾ 32 ಜಿಬಿಗಿಂತ ಸಣ್ಣ ಡಿಸ್ಕ್ ಇರುವ ಸಿಸ್ಟಂ ಹಂಚಿಕೆಯಲ್ಲಿ ಸೇರುವುದಿಲ್ಲ, ಅದು ಮೊದಲೇ ಇರುವ ಮಿತಿ. ಬಿಟ್ಸ್ ಎಂಬ ಹಳೆಯ ಡೌನ್‌ಲೋಡ್ ಸೇವೆಯ ಬ್ಯಾಂಡ್‌ವಿಡ್ತ್ ಪಾಲಿಸಿ ಹಾಕಿ ‘ಕಡಿವಾಣ ಬಿತ್ತು’ ಎಂದುಕೊಳ್ಳುವವರಿದ್ದಾರೆ. ಈಗಿನ ವಿಂಡೋಸ್ ಅಪ್‌ಡೇಟ್ ಇಳಿಸುವುದು ಡೆಲಿವರಿ ಆಪ್ಟಿಮೈಸೇಷನ್ ಮೂಲಕ, ಕಡಿವಾಣವನ್ನೂ ಅದರ ಪಾಲಿಸಿಯಲ್ಲೇ ಶೇಕಡಾ ಲೆಕ್ಕದಲ್ಲಿ ಹಾಕಬೇಕು.

ಸಿಸ್ಟಂ ಕನ್ಸೋಲಿನಲ್ಲಿ ಕಾಣುತ್ತಿಲ್ಲ ಎಂಬುದು ಇನ್ನೊಂದು ಮಾಮೂಲು ದೂರು. ಮೂವತ್ತು ಸಿಸ್ಟಂ ಇರುವ ಲ್ಯಾಬಿನಲ್ಲಿ ಒಂದೇ ಹೆಸರು ಕಂಡು, ಅದೂ ದಿನಕ್ಕೊಂದು ಹೆಸರಾಗಿ ಬದಲಾಗುತ್ತಿದ್ದರೆ, ಎಲ್ಲವನ್ನೂ ಒಂದೇ ಇಮೇಜಿನಿಂದ, ಸಿಸ್ಟಂನ ಗುರುತು ಅಳಿಸುವ ಸಿಸ್‌ಪ್ರೆಪ್ ಮಾಡದೆ ಕ್ಲೋನ್ ಮಾಡಿದ್ದಾರೆ ಎಂದರ್ಥ. ಎಲ್ಲದರ ಸಸ್ ಕ್ಲೈಂಟ್ ಐಡಿ ಒಂದೇ, ಸರ್ವರಿಗೆ ಮೂವತ್ತೂ ಒಬ್ಬರೇ. ಪ್ರತಿ ಸಿಸ್ಟಂನಲ್ಲಿ ವಿಂಡೋಸ್ ಅಪ್‌ಡೇಟ್ ಸರ್ವೀಸ್ ನಿಲ್ಲಿಸಿ, ರಿಜಿಸ್ಟ್ರಿಯ ವಿಂಡೋಸ್ ಅಪ್‌ಡೇಟ್ ಕೀಲಿಯಡಿ ಸಸ್ ಕ್ಲೈಂಟ್ ಐಡಿ ಮತ್ತು ಅದರ ವ್ಯಾಲಿಡೇಷನ್ ಎಂಬ ಎರಡು ಮೌಲ್ಯ ಅಳಿಸಿ, ಸರ್ವೀಸ್ ಮತ್ತೆ ಶುರುಮಾಡಿ, ಹೊಸ ಐಡಿ ತಾನೇ ಹುಟ್ಟುತ್ತದೆ. ವಿಂಡೋಸ್ 11 ಸಿಸ್ಟಂಗಳು ಮಾತ್ರ 80244019 ಎಂಬ ಕೋಡಿನಿಂದ ಸೋತರೆ ಅದು 404, ಅಂದರೆ ಫೈಲ್ ಸಿಗಲಿಲ್ಲ. 2023ರ ಮಾರ್ಚ್ ಕೊನೆಯಿಂದ ವಿಂಡೋಸ್ 11ರ 22ಎಚ್2 ಅಪ್‌ಡೇಟ್‌ಗಳು ಯುಯುಪಿ ಎಂಬ ಹೊಸ ರೂಪಕ್ಕೆ ಬಂದವು. ಹಳೆಯ ಸರ್ವರಿನ ಐಐಎಸ್‌ನಲ್ಲಿ ಎಂಎಸ್‌ಯು ಮತ್ತು ಡಬ್ಲ್ಯುಐಎಂ ಎಕ್ಸ್‌ಟೆನ್ಷನ್‌ಗಳಿಗೆ ಮೈಮ್ ಟೈಪ್ (ಫೈಲಿನ ಬಗೆ ಹೇಳುವ ಗುರುತು) ಸೇರಿಸದಿದ್ದರೆ ಅದು ಆ ಫೈಲುಗಳನ್ನು ಕೊಡುವುದಿಲ್ಲ. ಯುಯುಪಿಗೆ ಪ್ರತಿ ವಿಂಡೋಸ್ ಆವೃತ್ತಿಗೂ ಸುಮಾರು 10 ಜಿಬಿ ಹೆಚ್ಚು ಜಾಗ ಬೇಕು, ಅದನ್ನೂ ಡಿಸ್ಕ್ ಲೆಕ್ಕಕ್ಕೆ ಸೇರಿಸಿ.

ತಿಂಗಳ ಆರೈಕೆ ಎಂದೆವಲ್ಲ, ಅದು ಈ ಕ್ರಮದಲ್ಲೇ ಆಗಬೇಕು: ಹೊಸದರಿಂದ ಬದಲಾದ ಹಳೆಯ ಅಪ್‌ಡೇಟ್‌ಗಳನ್ನು ಡಿಕ್ಲೈನ್ ಮಾಡುವುದು, ಡೇಟಾಬೇಸನ್ನು ರೀ-ಇಂಡೆಕ್ಸ್ ಮಾಡುವುದು, ಕೊನೆಗೆ ಕ್ಲೀನಪ್ ವಿಜರ್ಡ್. ತಲೆಕೆಳಗು ಮಾಡಿದರೆ ವಿಜರ್ಡ್ ಗಂಟೆಗಟ್ಟಲೆ ಓಡಿ ಟೈಮ್-ಔಟ್ ಆಗುತ್ತದೆ. ಡೆಫಿನಿಷನ್‌ಗಳು ದಿನಕ್ಕೆ ಹಲವು ಬರುವುದರಿಂದ ಕಸ ಬೇಗ ಬೆಳೆಯುತ್ತದೆ. ಮೈಕ್ರೋಸಾಫ್ಟ್ ತನ್ನ ಮಾರ್ಗದರ್ಶಿಯಲ್ಲಿ ಕೊಟ್ಟಿರುವ ಎರಡು ಹೆಚ್ಚುವರಿ ಇಂಡೆಕ್ಸ್‌ಗಳನ್ನು ಒಮ್ಮೆ ಸೇರಿಸಿಟ್ಟರೆ ಸಫಾಯಿ ಎಷ್ಟೋ ಪಾಲು ಚುರುಕಾಗುತ್ತದೆ. ಇದನ್ನು ಅವರೇ ಇನ್‌ಸ್ಟಾಲಿನಲ್ಲಿ ಸೇರಿಸಬಹುದಿತ್ತು. ಇದಕ್ಕೆ ಇನ್ನರ್ಧ ಅಂಕ ಹೋಯಿತು.

ಸರ್ವರಿನ ಸ್ವಂತ ಸುರಕ್ಷತೆಯನ್ನು ತೀರಾ ಹಗುರವಾಗಿ ನೋಡುತ್ತಾರೆ. ಇಡೀ ಆಫೀಸಿಗೆ ಔಷಧ ಹಂಚುವ ಜಾಗಕ್ಕೇ ವಿಷ ಬಿದ್ದರೆ? 2025ರ ಅಕ್ಟೋಬರಿನಲ್ಲಿ ಸಿವಿಇ-2025-59287 ಹೊರಬಂತು: ಪಾಸ್‌ವರ್ಡ್ ಏನೂ ಇಲ್ಲದೆ, ನೆಟ್‌ವರ್ಕಿನಿಂದಲೇ ಡಬ್ಲ್ಯೂಸಸ್ ಸರ್ವರಿನಲ್ಲಿ ತಮ್ಮ ಕೋಡ್ ಓಡಿಸಲು ಬಿಡುವ ದೋಷ, ತೀವ್ರತೆ 10ಕ್ಕೆ 9.8. ಅಕ್ಟೋಬರ್ 14ರ ಪ್ಯಾಚ್ ಪೂರ್ತಿ ಮುಚ್ಚಲಿಲ್ಲ. 23ರಂದು ತುರ್ತಾಗಿ ಇನ್ನೊಂದು ಬಿಟ್ಟರು, ಅದರ ಬೆನ್ನಲ್ಲೇ ದಾಳಿಗಳೂ ಕಂಡುಬಂದವು. ಆ ಎರಡನೇ ಪ್ಯಾಚ್ ಹಾಕಿದ ಮೇಲೆ ಸಿಂಕ್ ದೋಷದ ವಿವರಗಳು ಕನ್ಸೋಲಿನಲ್ಲಿ ಕಾಣುವುದು ನಿಂತಿತು. ಬೇಕೆಂದೇ ತೆಗೆದದ್ದು ಅದು, ನಿಮ್ಮ ಸರ್ವರ್ ಕೆಟ್ಟದ್ದಲ್ಲ. 8530, 8531 ಪೋರ್ಟ್‌ಗಳು ಇಂಟರ್ನೆಟ್ಟಿಗೆ ತೆರೆದಿರಲು ಒಂದೇ ಒಂದು ಕಾರಣವೂ ಇಲ್ಲ. ಫೈರ್‌ವಾಲ್‌ನಲ್ಲಿ ಇವತ್ತೇ ನೋಡಿ.

ಹಾಗೆಯೇ ಟಿಎಲ್‌ಎಸ್ (ಹಳೆಯ ಹೆಸರು ಎಸ್‌ಎಸ್‌ಎಲ್), ಅಂದರೆ ಸಂಪರ್ಕವನ್ನು ಗೂಢಲಿಪಿಯಲ್ಲಿ ನಡೆಸುವುದು. ಮೊದಲಿಗೆ ಎಲ್ಲವೂ ಬರೀ ಎಚ್‌ಟಿಟಿಪಿಯಲ್ಲಿ ನಡೆಯುತ್ತದೆ, ಮಧ್ಯೆ ಕೂತವರು ಕ್ಲೈಂಟಿಗೆ ಸುಳ್ಳು ಅಪ್‌ಡೇಟ್ ತೋರಿಸಬಹುದು ಎಂದು 2015ರಲ್ಲೇ ಸಂಶೋಧಕರು ಮಾಡಿ ತೋರಿಸಿದ್ದಾರೆ. ಆಫೀಸಿನ ಸರ್ಟಿಫಿಕೇಟ್ ಅಥಾರಿಟಿಯಿಂದ ಸರ್ಟಿಫಿಕೇಟ್ ಪಡೆದು, ಐಐಎಸ್‌ನಲ್ಲಿ ಎಪಿಐ ರಿಮೋಟಿಂಗ್, ಕ್ಲೈಂಟ್ ವೆಬ್ ಸರ್ವೀಸ್, ಡಿಎಸ್‌ಎಸ್ ಆಥ್, ಸರ್ವರ್ ಸಿಂಕ್, ಸಿಂಪಲ್ ಆಥ್ ಎಂಬ ಐದು ಫೋಲ್ಡರ್‌ಗಳಿಗಷ್ಟೇ ಎಸ್‌ಎಸ್‌ಎಲ್ ಕಡ್ಡಾಯ ಮಾಡಿ, ಡಬ್ಲ್ಯೂಸಸ್ ಯುಟಿಲ್‌ನ ಕಾನ್ಫಿಗರ್ ಎಸ್‌ಎಸ್‌ಎಲ್ ಕಮಾಂಡ್ ಓಡಿಸಿ, ಪಾಲಿಸಿಯಲ್ಲಿ 8531 ಬರೆಯಿರಿ. ಕಂಟೆಂಟ್ ಫೋಲ್ಡರಿಗೆ ಮಾತ್ರ ಕಡ್ಡಾಯ ಮಾಡಬೇಡಿ: ಸಹಿ ಇರುವ ಫೈಲುಗಳು ಆಮೇಲೂ 8530ರಲ್ಲೇ ಹೋಗುತ್ತವೆ, ಆದ್ದರಿಂದ ಒಳಗಿನ ಫೈರ್‌ವಾಲ್‌ನಲ್ಲಿ ಎರಡೂ ತೆರೆದಿರಬೇಕು. ಸರ್ಟಿಫಿಕೇಟ್ ಮುಗಿಯುವ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಅದು ಮುಗಿದರೆ ಎಲ್ಲ ಕ್ಲೈಂಟ್‌ಗಳೂ ಸದ್ದಿಲ್ಲದೆ ಒಂದೇ ದಿನ ನಿಲ್ಲುತ್ತವೆ.

ಇದು ಮಾಡದ ಕೆಲಸವನ್ನೂ ತಿಳಿದಿರಿ. ಕ್ರೋಮ್, ಫೈರ್‌ಫಾಕ್ಸ್, ಜಾವಾ, ಅಡೋಬಿ ರೀಡರ್ ಯಾವುದೂ ಇದರಲ್ಲಿ ಬರುವುದಿಲ್ಲ. ಕ್ಲಿಕ್-ಟು-ರನ್ ರೀತಿಯಲ್ಲಿ ಬರುವ ಆಫೀಸ್ 2019, 2021, 365 ಕೂಡ ಇಲ್ಲ; ಅವು ನೇರವಾಗಿ ಮೈಕ್ರೋಸಾಫ್ಟಿನಿಂದ ತರಿಸಿಕೊಳ್ಳುತ್ತವೆ. ‘ನಮ್ಮಲ್ಲಿ ಡಬ್ಲ್ಯೂಸಸ್ ಇದೆ’ ಎಂದು ಆಡಿಟರಿಗೆ ಹೇಳಿ ಬ್ರೌಸರನ್ನು ಮರೆಯುವುದು ದೊಡ್ಡ ತೂತು. ಉಳಿದ ಅರ್ಧ ಅಂಕ ಇದಕ್ಕೆ.

2024ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಇದನ್ನು ಡೆಪ್ರಿಕೇಟೆಡ್ ಪಟ್ಟಿಗೆ ಸೇರಿಸಿತು. ಹೊಸ ಸೌಲಭ್ಯ ಬರುವುದಿಲ್ಲ ಎಂದರ್ಥ, ನಾಳೆಯೇ ನಿಲ್ಲುತ್ತದೆ ಎಂದಲ್ಲ; ವಿಂಡೋಸ್ ಸರ್ವರ್ 2025ರಲ್ಲೂ ಇದೆ. ಈಗಾಗಲೇ ಓಡುತ್ತಿರುವ ಕಡೆ ಕಿತ್ತುಹಾಕುವ ಅವಸರ ಬೇಡ. ಎಲ್ಲರೂ ಲ್ಯಾಪ್‌ಟಾಪ್ ಹಿಡಿದು ಮನೆ, ರೈಲು, ಗ್ರಾಹಕರ ಆಫೀಸು ಎಂದು ಓಡಾಡುವ ಕಂಪನಿಗಳು, ಮೈಕ್ರೋಸಾಫ್ಟ್ 365ರ ತಕ್ಕ ಲೈಸೆನ್ಸ್ ಇದ್ದರೆ, ಇಂಟರ್ನೆಟ್ ಮೂಲಕವೇ ಸಿಸ್ಟಂಗಳನ್ನು ನೋಡಿಕೊಳ್ಳುವ ಮೈಕ್ರೋಸಾಫ್ಟ್ ಸೇವೆ ಇಂಟ್ಯೂನ್ ಕಡೆ ಹೋಗುವುದೇ ಸರಿ. ಇಂಟರ್ನೆಟ್ಟಿಗೇ ಮುಟ್ಟದ ನೆಟ್‌ವರ್ಕುಗಳಿಗೆ ಡಬ್ಲ್ಯೂಸಸ್ ಇವತ್ತಿಗೂ ಮೊದಲ ಆಯ್ಕೆ: ಹೊರಗೊಂದು ಸರ್ವರಿನಲ್ಲಿ ಇಳಿಸಿ, ಎಕ್ಸ್‌ಪೋರ್ಟ್ ಮಾಡಿ, ಡಿಸ್ಕಿನಲ್ಲಿ ಒಳಗೆ ಒಯ್ಯಬಹುದು. 25 ಸಿಸ್ಟಂಗಿಂತ ಕಡಿಮೆ ಇರುವವರು ಇದನ್ನು ಹಾಕಲೇ ಬೇಡಿ. ಗ್ರೂಪ್ ಪಾಲಿಸಿಯಲ್ಲಿ ಕ್ವಾಲಿಟಿ ಅಪ್‌ಡೇಟ್ 5 ದಿನ ಮುಂದೂಡಿ, ಡೆಲಿವರಿ ಆಪ್ಟಿಮೈಸೇಷನ್ ಆನ್ ಮಾಡಿ, ನೇರವಾಗಿ ಮೈಕ್ರೋಸಾಫ್ಟಿನಿಂದಲೇ ಬರಲಿ ಎಂದು ಬಿಡಿ. ಸಿಗ್ನೇಚರ್ ಏಜ್ ನೋಡುವ ಕಮಾಂಡ್ ಅಲ್ಲೂ ಹಾಗೇ ಓಡುತ್ತದೆ.